‘ಸ್ಕಾಲರ್‌ಶಿಪ್ ನಿಂತಿದೆ’ ಎಂದವರು ನಾವೇ

ಬೆಳಿಗ್ಗೆ ಮದರಸ ಬಿಟ್ಟು ಮಕ್ಕಳು ಶಾಲೆಯ ಬಸ್ಸಿಗೆ ಓಡುವ ಹೊತ್ತು. 2023ರ ಜೂನ್ ತಿಂಗಳು, ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಸಣ್ಣ ಮಗನನ್ನು ಕರೆದುಕೊಂಡು ಹೋಗಲು ಬಂದ ತಾಯಿಯೊಬ್ಬರು ಗೇಟಿನ ಹತ್ತಿರ ನಿಂತು ಕೇಳಿದರು.

“ಉಸ್ತಾದರೆ, ದೊಡ್ಡವಳದ್ದು ಪಿಯುಸಿ ಆಯಿತು. ಕಾಮರ್ಸಿನಲ್ಲಿ ಒಳ್ಳೆ ಮಾರ್ಕ್ ಉಂಟು. ಡಿಗ್ರಿಗೆ ಹೋಗ್ತೇನೆ ಅಂತ ಹಟ ಮಾಡ್ತಾಳೆ. ಸ್ಕಾಲರ್‌ಶಿಪ್ ಎಂತದಾದರೂ ಸಿಗ್ತದಾ?”

ನಾವು ಹಾಜರಿ ಪುಸ್ತಕ ಮುಚ್ಚುತ್ತಾ, ತಲೆ ಕೂಡ ಸರಿಯಾಗಿ ಎತ್ತದೆ ಹೇಳಿದೆವು: “ಅದೆಲ್ಲ ಈಗ ನಿಂತಿದೆ ಅಲ್ವಾ. ಪೇಪರಿನಲ್ಲಿ ಬಂದಿತ್ತು.”

ಆ ತಾಯಿ ಮತ್ತೇನೂ ಕೇಳಲಿಲ್ಲ. “ಹಾಗಾದರೆ ಆಯಿತು ಉಸ್ತಾದರೆ” ಎಂದು ಮಗನ ಕೈ ಹಿಡಿದು ಹೋದರು. ಹುಡುಗಿ ಆ ವರ್ಷ ಕಾಲೇಜಿಗೆ ಸೇರಲಿಲ್ಲ. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ನಮಗೆ ಅದು ಗೊತ್ತಾದದ್ದು ಆರು ತಿಂಗಳ ನಂತರ, ನಮ್ಮ ಮನೆಯವರು ಅದೇ ಅಂಗಡಿಗೆ ಬಟ್ಟೆ ತೆಗೆಯಲು ಹೋದಾಗ.

ಉಸ್ತಾದರು ಹೇಳಿದರೆ ಅದು ಸರಿಯೇ ಇರ್ತದೆ ಅಂತ ನಮ್ಮ ಮನೆಗಳಲ್ಲಿ ಇನ್ನೂ ಒಂದು ನಂಬಿಕೆ ಉಂಟು. ನಮಾಝಿನ ಮಸ್‌ಅಲ ಕೇಳಿದರೆ ಕಿತಾಬು ನೋಡದೆ ಉತ್ತರ ಕೊಡಲು ಹೆದರುವ ನಾವು, ಒಂದು ಹುಡುಗಿಯ ಮೂರು ವರ್ಷದ ಓದಿನ ವಿಷಯಕ್ಕೆ ವಾಟ್ಸಾಪಿನಲ್ಲಿ ಓದಿದ್ದನ್ನು ಹೇಳಿಬಿಟ್ಟಿದ್ದೆವು. ಆ ಮಾತು ಎಷ್ಟು ಸರಿ, ಎಷ್ಟು ತಪ್ಪು ಎಂದು ಹುಡುಕಲು ಹೊರಟದ್ದು ಆಮೇಲೆ. ಹುಡುಕಿದ್ದರಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಿಂತದ್ದು ಯಾವುದು?

ಸಾಚಾರ್ ಸಮಿತಿಯ ವರದಿ ಬಂದದ್ದು 2006ರ ನವೆಂಬರಿನಲ್ಲಿ. ದೇಶದ ಹೆಸರುವಾಸಿ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಪದವಿ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ಅದರಲ್ಲಿ ಇತ್ತು. ಅದರ ಬೆನ್ನಿಗೆ ಅಲ್ಪಸಂಖ್ಯಾತ ಮಕ್ಕಳಿಗಾಗಿ ಕೇಂದ್ರದ ಮೂರು ವಿದ್ಯಾರ್ಥಿವೇತನಗಳು ಶುರುವಾದವು. ಹತ್ತನೇ ತರಗತಿವರೆಗಿನದ್ದು ಪ್ರಿ-ಮೆಟ್ರಿಕ್, ಪಿಯುಸಿಯಿಂದ ಮೇಲಿನದ್ದು ಪೋಸ್ಟ್ ಮೆಟ್ರಿಕ್, ಇಂಜಿನಿಯರಿಂಗಿನಂಥ ಕೋರ್ಸುಗಳಿಗೆ ಮೆರಿಟ್ ಕಮ್ ಮೀನ್ಸ್. ಇವುಗಳಲ್ಲಿ ಶೇ 30ರಷ್ಟು ಪಾಲು ಹೆಣ್ಣುಮಕ್ಕಳಿಗೆ ಮೀಸಲು. 2009ರಲ್ಲಿ ಪಿಎಚ್‌ಡಿ ಮಾಡುವವರಿಗೆ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ ಬಂತು.

2022ರ ನವೆಂಬರಿನಲ್ಲಿ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು 1ರಿಂದ 8ನೇ ತರಗತಿವರೆಗಿನ ಮಕ್ಕಳಿಗೆ ನಿಲ್ಲಿಸಲಾಯಿತು. ಆ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಉಚಿತ ಶಿಕ್ಷಣ ಹೇಗೂ ಉಂಟು ಎಂಬುದು ಕೊಟ್ಟ ಕಾರಣ. ಮರು ತಿಂಗಳೇ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಲ್ಲಿಸಿದ್ದಾಗಿ ಲೋಕಸಭೆಯಲ್ಲಿ ಉತ್ತರ ಬಂತು. ಈ ಎರಡು ಸುದ್ದಿ ಸೇರಿ ನಮ್ಮ ಫೋನುಗಳಿಗೆ ಬರುವಾಗ ‘ಮುಸ್ಲಿಂ ಮಕ್ಕಳ ಸ್ಕಾಲರ್‌ಶಿಪ್ ಎಲ್ಲ ಬಂದ್’ ಎಂದಾಗಿತ್ತು. ಆಮೇಲೆ ಮೆಟ್ರಿಕ್ ನಂತರದ ಕೇಂದ್ರದ ವಿದ್ಯಾರ್ಥಿವೇತನವೂ ಮುಂಚಿನ ಹಾಗೆ ನಡೆಯಲಿಲ್ಲ. ಹಾಗಾಗಿ ನಮ್ಮ ಮಾತು ಪೂರ್ತಿ ಸುಳ್ಳು ಅಂತಲೂ ಅಲ್ಲ. ಅರ್ಧ ಸರಿ ಇದ್ದ ಕಾರಣಕ್ಕೇ ನಾವು ಅಷ್ಟು ಧೈರ್ಯದಿಂದ ಹೇಳಿದ್ದು ಅಂತ ಈಗ ಅನಿಸುತ್ತದೆ.

ಆದರೆ ಆ ಜೂನ್ ತಿಂಗಳಲ್ಲಿ ನಿಲ್ಲದೆ ಇದ್ದದ್ದು ಎಂತ ಉಂಟು ಅಂತ ನಾವು ನೋಡಿಯೇ ಇರಲಿಲ್ಲ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯದ್ದು ಬೇರೆಯೇ ಉಂಟು, ಅದಕ್ಕೆ ಎಸ್‌ಎಸ್‌ಪಿ ಎಂಬ ರಾಜ್ಯದ ಪೋರ್ಟಲಿನಲ್ಲಿ ಅರ್ಜಿ. 1ರಿಂದ 8ನೇ ತರಗತಿಯದ್ದನ್ನು ಕೂಡ ರಾಜ್ಯವೇ ಕೊಡುವುದಾಗಿ ಆ ವರ್ಷದ ಜುಲೈ ಬಜೆಟ್ಟಿನಲ್ಲಿ ಹೇಳಿತ್ತು. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಉಂಟು. ಇದೆಲ್ಲ ಅಲ್ಲದೆ ಇನ್ನೊಂದು ಇತ್ತು. ಅದು ಆ ತಾಯಿಯ ಮನೆಯ ಮರದ ಪೆಟ್ಟಿಗೆಯೊಳಗೇ ಇತ್ತು.

ಬೀಡಿ ಕಾರ್ಡು

ಆ ತಾಯಿ ಬೀಡಿ ಕಟ್ಟುವವರು. ಅವರ ಉಮ್ಮನೂ ಬೀಡಿ ಕಟ್ಟಿದವರು. ನಮ್ಮ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆಯ ಚಿನ್ನ, ಎಷ್ಟೋ ಗಂಡುಮಕ್ಕಳ ಗಲ್ಫಿನ ಪಾಸ್‌ಪೋರ್ಟು ಬೀಡಿಯಿಂದಲೇ ಆದದ್ದು ಎಂದು ಎಲ್ಲರಿಗೂ ಗೊತ್ತುಂಟು. ಮನೆಯ ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ನೂಲು ಸುತ್ತಿ, ಕಟ್ಟು ಮಾಡಿ ಬ್ರಾಂಚಿಗೆ ಒಯ್ಯುವವರಿಗೆ ಒಂದು ಗುರುತಿನ ಕಾರ್ಡು ಇರ್ತದೆ. ಹೆಚ್ಚಿನವರಿಗೆ ಅದು ಬೀಡಿ ಕಾರ್ಮಿಕರ ಆಸ್ಪತ್ರೆಯಲ್ಲಿ ಔಷಧಿ ತೆಗೆಯುವ ಕಾರ್ಡು ಎಂದು ಮಾತ್ರ ಗೊತ್ತು.

ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲಿ ಕಾಯ್ದೆ ಆಯಿತು. ಇವತ್ತಿಗೂ ಕೇಂದ್ರ ಕಾರ್ಮಿಕ ಸಚಿವಾಲಯ ಬೀಡಿ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ. ಒಂದನೇ ತರಗತಿಯಿಂದಲೇ ಶುರು. ಸಣ್ಣ ತರಗತಿಗಳಿಗೆ ವರ್ಷಕ್ಕೆ 1,000 ರೂಪಾಯಿ, ಪಿಯುಸಿಗೆ 3,000, ಐಟಿಐ, ಪಾಲಿಟೆಕ್ನಿಕ್ ಮತ್ತು ಸಾಮಾನ್ಯ ಪದವಿಗೆ 6,000, ಇಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸಿಗೆ 25,000. ತಂದೆ ಅಥವಾ ತಾಯಿ ಕನಿಷ್ಠ ಆರು ತಿಂಗಳು ಬೀಡಿ ಕೆಲಸ ಮಾಡಿರಬೇಕು, ತಿಂಗಳ ಆದಾಯ 10,000 ರೂಪಾಯಿ ದಾಟಿರಬಾರದು. ಅರ್ಜಿ ಹಾಕುವುದು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ, ಎನ್‌ಎಸ್‌ಪಿ ಅಂತ ಹೇಳ್ತಾರೆ. ಇದಕ್ಕೂ ಅಲ್ಪಸಂಖ್ಯಾತ, ಬಹುಸಂಖ್ಯಾತ ಎನ್ನುವುದಕ್ಕೂ ಸಂಬಂಧವೇ ಇಲ್ಲ. ನಮ್ಮ ಪಕ್ಕದ ಮನೆಯ ಬಿಲ್ಲವರ ಹೆಂಗಸಿನ ಮಗನಿಗೂ ಉಂಟು, ನಮ್ಮ ಮಗಳಿಗೂ ಉಂಟು. ಅಲ್ಪಸಂಖ್ಯಾತರದ್ದು ಇರಲಿ, ನಿಲ್ಲಲಿ, ಇದು ಬೇರೆ ಲೆಕ್ಕ.

6,000 ರೂಪಾಯಿ ಒಂದು ದೊಡ್ಡ ಮೊತ್ತವಾ ಅಂತ ಕೇಳುವವರು ಇದ್ದಾರೆ. ಒಂದು ಸಾವಿರ ಬೀಡಿ ಕಟ್ಟಲು ಎಷ್ಟು ಹೊತ್ತು ಕೂರಬೇಕು, ಅದರಲ್ಲಿ ಚೆಕ್ಕಿಂಗಿನವರು ಎಷ್ಟು ತೆಗೆದುಹಾಕ್ತಾರೆ ಎಂದು ಗೊತ್ತಿದ್ದವರು ಆ ಪ್ರಶ್ನೆ ಕೇಳುವುದಿಲ್ಲ.

ಒಂದು ಷರತ್ತು ನೆನಪಿರಲಿ. ಬೇರೆ ಕಡೆಯಿಂದ ವಿದ್ಯಾರ್ಥಿವೇತನ ಪಡೆಯುತ್ತಿರುವ ಮಗುವಿಗೆ ಬೀಡಿ ಕಾರ್ಮಿಕರದ್ದು ಸಿಗುವುದಿಲ್ಲ. ಎರಡು ಕಡೆ ಕೈ ಹಾಕಿದರೆ ಎರಡೂ ಹೋಗುವ ಸಂಭವ ಉಂಟು. ಯಾವುದು ಹೆಚ್ಚು ಬರ್ತದೆ, ಯಾವುದಕ್ಕೆ ದಾಖಲೆ ಸರಿ ಉಂಟು ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿ ಒಂದನ್ನು ಹಿಡಿಯಬೇಕು.

ಬೀಪಾತುಮ್ಮ ಯಾರು, ಫಾತಿಮಾ ಯಾರು?

2024ರಲ್ಲಿ ನಾವು ಪುನಃ ಆ ಮನೆಗೆ ಹೋದೆವು. ಹೋಗಲು ನಾಚಿಕೆಯಾಗಿತ್ತು. ಆ ತಾಯಿ ಚಾ ತಂದಿಟ್ಟು, ಏನೂ ಆಗದವರ ಹಾಗೆ ಮಾತಾಡಿದರು. ಅದು ಇನ್ನೂ ಕಷ್ಟವಾಯಿತು. ಹುಡುಗಿಯ ತಂದೆಗೆ ಅವಳು ಅಂಗಡಿಗೆ ಹೋಗುವುದೇ ಒಳ್ಳೆಯದು ಎಂದಾಗಿತ್ತು, ತಿಂಗಳಿಗೆ ಸಂಬಳ ಬರುತ್ತಿತ್ತಲ್ಲ. ಎರಡು ಸಲ ಕೂತು ಮಾತಾಡಿದ ಮೇಲೆ ಒಪ್ಪಿದರು. ಹುಡುಗಿ ಬಿಕಾಂಗೆ ಸೇರಿದಳು. ನಾವೇ ಮುಂದೆ ನಿಂತು ಬೀಡಿ ಕಾರ್ಮಿಕರ ಅರ್ಜಿ ಹಾಕಿಸಿದೆವು.

ಅದು ತಿರಸ್ಕಾರವಾಯಿತು.

ಕಾರಣ ಎಂತ? ತಾಯಿಯ ಕಾರ್ಡಿನಲ್ಲಿ ಬ್ರಾಂಚಿನವರು ಎಷ್ಟೋ ವರ್ಷ ಹಿಂದೆ ಕೇಳಿ ಬರೆದ ಹೆಸರು ‘ಬೀಪಾತುಮ್ಮ’. ಆಧಾರಿನಲ್ಲಿ ‘ಫಾತಿಮಾ’. ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಾಯಿಯ ಹೆಸರು ‘ಫಾತಿಮತ್ ಬಿ.’ ಮೂರೂ ಒಬ್ಬರೇ ಎಂದು ಇಡೀ ಮೊಹಲ್ಲಾಕ್ಕೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. (ಈ ಹೆಸರುಗಳು ನಾವು ಉದಾಹರಣೆಗೆ ಕೊಟ್ಟದ್ದು, ಆ ಮನೆಯವರದ್ದಲ್ಲ. ಆದರೆ ಕತೆ ಹೀಗೆಯೇ.)

ನಮ್ಮಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ, ನಾವು ಮದರಸದ ಹಾಜರಿ ಪುಸ್ತಕ ಹಿಡಿದು ಒಂದು ದಿನ ಹೋಲಿಸಿ ನೋಡಿದೆವು. ಮೊಯ್ದಿನ್, ಮೊಹಿದ್ದೀನ್, ಮುಹಿಯುದ್ದೀನ್ ಒಬ್ಬರೇ. ಐಸಮ್ಮ ಮತ್ತು ಆಯಿಶಾ ಒಬ್ಬರೇ. ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ನಾಲ್ಕು ತರ. ಊರಿನ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ತಂದೆಯ ಹೆಸರನ್ನು ಮಗನ ಹೆಸರಿಗೆ ಸೇರಿಸಿದ ದಾಖಲೆ ಒಂದು, ಸೇರಿಸದ್ದು ಇನ್ನೊಂದು. ಶಾಲೆಗೆ ಸೇರಿಸುವ ದಿನ ಟೀಚರ್ ಕೇಳಿದಾಗ ಯಾರೋ ಒಬ್ಬ ಕಾಕ ಬಾಯಿಗೆ ಬಂದದ್ದು ಹೇಳಿ ಬಂದಿರ್ತಾರೆ. ಹದಿನೈದು ವರ್ಷ ಆದ ಮೇಲೆ ಅದರ ಫಲ ಸಿಗ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲೆ ಅದರ ಹೆಸರು ತಿದ್ದುವುದು ಬಹಳ ಕಷ್ಟ. ಆಧಾರ್ ತಿದ್ದುವುದು ಅದಕ್ಕಿಂತ ಸುಲಭ. ಹಾಗಾಗಿ ಮಗು ಒಂಬತ್ತನೆಯಲ್ಲಿ ಇರುವಾಗಲೇ ಆಧಾರ್, ಶಾಲೆಯ ದಾಖಲೆ, ತಂದೆ ತಾಯಿಯ ಆಧಾರ್ ಎಲ್ಲವನ್ನೂ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ನೋಡಬೇಕು.

ಬೀಡಿ ಕಾರ್ಡಿನ ಹೆಸರು ಸರಿ ಮಾಡಿಸಲು ಆ ತಾಯಿ ಮೂರು ಸಲ ಬಸ್ಸು ಹತ್ತಿದರು. ಒಂದು ಸಲ ಹೋದಾಗ ಸಂಬಂಧಪಟ್ಟವರು ರಜೆ. ಇನ್ನೊಂದು ಸಲ ಬ್ರಾಂಚಿನಿಂದ ಪತ್ರ ಬೇಕು ಎಂದರು. ಎರಡನೇ ವರ್ಷಕ್ಕೆ ಸರಿಯಾಯಿತು.

ಹಣ ಬಂದಿದೆ, ಎಲ್ಲಿಗೆ ಬಂದಿದೆ?

ಇನ್ನೊಂದು ಹುಡುಗನದ್ದು ಬೇರೆ ಕತೆ. ಎಸ್‌ಎಸ್‌ಪಿಯಲ್ಲಿ ‘ಮಂಜೂರಾಗಿದೆ, ಜಮಾ ಆಗಿದೆ’ ಎಂದು ತೋರಿಸುತ್ತದೆ. ಪಾಸ್‌ಬುಕ್ಕಿನಲ್ಲಿ ಇಲ್ಲ. ಬ್ಯಾಂಕಿನವರು ನಮಗೆ ಗೊತ್ತಿಲ್ಲ ಅಂತಾರೆ, ಕಾಲೇಜಿನವರು ನಾವು ಕಳಿಸಿದ್ದೇವೆ ಅಂತಾರೆ. ಎರಡು ತಿಂಗಳು ಅಲೆದ ಮೇಲೆ ಗೊತ್ತಾಯಿತು, ಹಣ ಅವನ ಹೆಸರಿನಲ್ಲೇ ಇದ್ದ ಇನ್ನೊಂದು ಖಾತೆಗೆ ಹೋಗಿದೆ. ಸಣ್ಣವನಿರುವಾಗ ಗ್ಯಾಸ್ ಸಬ್ಸಿಡಿಗೋ ಎಂತಕ್ಕೋ ಯಾರೋ ಮಾಡಿಸಿದ ಖಾತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಸರ್ಕಾರದ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಬರಲೇಬೇಕು ಎಂದಿಲ್ಲ. ಆಧಾರ್ ನಂಬ್ರ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ, ಅದರಲ್ಲಿಯೂ ಕೊನೆಗೆ ಯಾವುದಕ್ಕೆ ಆಗಿದೆಯೋ, ಅಲ್ಲಿಗೆ ಹೋಗುತ್ತದೆ. ಇದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಎನ್ನುತ್ತಾರೆ. ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟರೆ ಅದು ಆಗುವುದಿಲ್ಲ. ‘ನನ್ನ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಎಂದು ಫಾರ್ಮ್ ಬರೆದುಕೊಡಬೇಕು. ಕೌಂಟರಿನಲ್ಲಿ ಈ ಮಾತನ್ನು ಹೀಗೆಯೇ ಹೇಳಿ, ಇಲ್ಲದಿದ್ದರೆ ‘ಆಧಾರ್ ಲಿಂಕ್ ಆಗಿದೆಯಲ್ಲ, ಹೋಗಿ’ ಎಂದು ಕಳಿಸಿಬಿಡ್ತಾರೆ.

ಸೈಬರ್ ಅಂಗಡಿಯ ವಿಷಯ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಅರ್ಜಿ ಹಾಕುವುದು ಅಲ್ಲಿ. ಪಾಪ, ಅವರಲ್ಲಿ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ. ಆದರೆ ಜನ ಹೆಚ್ಚಿದ್ದ ದಿನ ಒಟಿಪಿಗೆ ಕಾಯುವುದು ಬೇಡವೆಂದು ತಮ್ಮದೇ ಮೊಬೈಲ್ ನಂಬ್ರ ಹಾಕಿಬಿಡುವವರನ್ನು ನಾವು ನೋಡಿದ್ದೇವೆ. ಮುಂದಿನ ವರ್ಷ ನವೀಕರಣಕ್ಕೆ ಹೋದರೆ ಒಟಿಪಿ ಆ ನಂಬ್ರಕ್ಕೆ ಹೋಗ್ತದೆ. ಅಂಗಡಿ ಮುಚ್ಚಿ ಅವನು ಸೌದಿಗೆ ಹೋಗಿದ್ದರೆ? ಹಾಗೆ ಆದದ್ದೂ ಉಂಟು.

2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ತನಿಖೆಯಲ್ಲಿ ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಅಥವಾ ಕೆಲಸ ಮಾಡದೆ ಇರುವವು ಎಂದು ಕಂಡುಬಂದು, ಪ್ರಕರಣ ಸಿಬಿಐಗೆ ಹೋಯಿತು. ಬೆರಳಚ್ಚು ಪರಿಶೀಲನೆ, ಪುನಃ ಪುನಃ ದಾಖಲೆ ಕೇಳುವುದು, ಎಲ್ಲ ಹೆಚ್ಚಾದದ್ದು ಅದರ ನಂತರ. ಯಾರೋ ತಿಂದದ್ದಕ್ಕೆ ನಮ್ಮ ಹುಡುಗ ಎರಡು ದಿನ ಕ್ಲಾಸ್ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು. ‘ಇಷ್ಟು ಕೊಡಿ, ನಾನು ಮಾಡಿಸಿಕೊಡ್ತೇನೆ’ ಎಂದು ಬರುವವರು ನಮ್ಮ ಕಡೆಯೂ ಇದ್ದಾರೆ, ಟೋಪಿ ಹಾಕಿಕೊಂಡೇ ಬರ್ತಾರೆ. ಅವರಿಗೆ ಆಧಾರ್ ಕೊಡಬೇಡಿ.

ಜೂನಿನ ಫೀಸು, ಮಾರ್ಚಿನ ಹಣ

ದಾಖಲೆ ಎಲ್ಲ ಸರಿ ಇದ್ದರೂ ಒಂದು ಕಷ್ಟ ಉಳಿಯುತ್ತದೆ. ಕಾಲೇಜಿಗೆ ಫೀಸು ಕಟ್ಟಬೇಕಾದದ್ದು ಸೇರುವ ದಿನ. ವಿದ್ಯಾರ್ಥಿವೇತನ ಬರುವುದು ವರ್ಷ ಮುಗಿಯುವ ಹೊತ್ತಿಗೆ, ಕೆಲವು ಸಲ ಮುಗಿದ ಮೇಲೆ. ನಡುವಿನ ಎಂಟು ಒಂಬತ್ತು ತಿಂಗಳು ಯಾರು ತುಂಬಿಸುವುದು? ಎಷ್ಟೋ ಮಕ್ಕಳ ಓದು ನಿಲ್ಲುವುದು ಆ ಸೇರುವ ವಾರದಲ್ಲಿ.

ನಮ್ಮ ಸಮುದಾಯದಲ್ಲಿ ಕೊಡುವವರು ಕಡಿಮೆ ಇಲ್ಲ. ಗಲ್ಫಿನಲ್ಲಿರುವವರ ಕೂಟಗಳು, ಯುವಕರ ಸಂಘಗಳು, ಮಸೀದಿ ಕಮಿಟಿಗಳು, ಎಲ್ಲರೂ ಕೊಡುತ್ತಾರೆ. ಹೇಗೆ ಕೊಡುತ್ತಾರೆ ಎಂದರೆ, ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಒಂದು ಸಭೆ, ಒಂದು ಶಾಲು, ಒಂದು ಸ್ಮರಣಿಕೆ, ಒಂದು ಕವರು. ಹೆಚ್ಚು ಅಂಕ ಬಂದವರಿಗೆ. ನಾವೂ ಆ ವೇದಿಕೆಗಳಲ್ಲಿ ಕೂತು ದುಆ ಮಾಡಿದವರೇ. ಆದರೆ ಶೇ 95 ಬಂದ ಮಗುವಿಗೆ ಹೇಗೂ ನಾಲ್ಕು ಕಡೆ ಸನ್ಮಾನ ಆಗ್ತದೆ. ಶೇ 62 ಬಂದು, ಮನೆಯಲ್ಲಿ ಹಣವಿಲ್ಲದೆ, ಸೇರುವ ಕೊನೆಯ ದಿನಕ್ಕೆ ಮೂರು ದಿನ ಬಾಕಿ ಇರುವ ಹುಡುಗನಿಗೆ ಬೇಕಾದದ್ದು ಸ್ಮರಣಿಕೆ ಅಲ್ಲ.

ನಮ್ಮ ಜಮಾಅತಿನ ಕೆಲವರು ಸೇರಿ ಎರಡು ವರ್ಷದಿಂದ ಒಂದು ಸಣ್ಣ ಕೆಲಸ ಮಾಡುತ್ತಿದ್ದೇವೆ. ಸಾಲ ಕೊಡುವುದು, ಬಡ್ಡಿ ಇಲ್ಲ, ಕರ್ಝ್ ಹಸನ್. ಸೇರುವಾಗ ಫೀಸು ನೇರ ಕಾಲೇಜಿಗೆ ಕಟ್ಟುವುದು, ವಿದ್ಯಾರ್ಥಿವೇತನ ಬಂದಾಗ ಆ ಮನೆಯವರು ಹಿಂತಿರುಗಿಸುವುದು. ಬಂದ ಹಣ ಮುಂದಿನ ಜೂನಿಗೆ ಇನ್ನೊಬ್ಬರಿಗೆ. ಮೊದಲ ವರ್ಷ ಐದು ಮಕ್ಕಳು. ನಾಲ್ಕು ಮನೆಯವರು ಹಿಂತಿರುಗಿಸಿದರು. ಒಬ್ಬರದ್ದು ಅರ್ಜಿಯೇ ತಿರಸ್ಕಾರವಾಯಿತು, ಅವರಿಂದ ಕೇಳಲಿಲ್ಲ, ಅದನ್ನು ಝಕಾತಿನಿಂದ ತುಂಬಿಸಿದೆವು. ಕಮಿಟಿಯಲ್ಲಿ ಇದಕ್ಕೆ ಒಂದು ಚರ್ಚೆ ಆಯಿತು, ಫೋಟೋ ಇಲ್ಲದ ಕೆಲಸಕ್ಕೆ ದಾನಿಗಳು ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಬಂದಿದ್ದಾರೆ.

‘ಅರಿವು’ ಸಾಲದ ಬಗ್ಗೆ ನಮ್ಮ ಹತ್ತಿರ ಬರುವ ಪ್ರಶ್ನೆ ಬೇರೆ. “ಶೇ 2 ಕಟ್ಟಬೇಕಂತೆ, ಅದು ಬಡ್ಡಿ ಆಗುವುದಿಲ್ವಾ ಉಸ್ತಾದರೆ?” ನಿಗಮ ಅದನ್ನು ಸೇವಾ ಶುಲ್ಕ ಎನ್ನುತ್ತದೆ. ಇದಕ್ಕೆ ಗೇಟಿನ ಹತ್ತಿರ ನಿಂತು ಉತ್ತರ ಹೇಳುವುದನ್ನು ನಾವು ಬಿಟ್ಟಿದ್ದೇವೆ. ಖತೀಬರ ಹತ್ತಿರ ಕರೆದುಕೊಂಡು ಹೋಗುತ್ತೇವೆ, ಸೀಟಿನ ಪತ್ರ, ಸಾಲದ ಕಾಗದ ಎರಡನ್ನೂ ಅವರ ಮುಂದಿಟ್ಟು ಕೇಳುತ್ತೇವೆ. ಪ್ರಶ್ನೆ ಕೇಳುವುದಾದರೆ ಸಿಇಟಿ ಫಲಿತಾಂಶಕ್ಕೆ ಮೊದಲೇ ಕೇಳಿ. ಸೀಟು ಸಿಕ್ಕಿ, ಫೀಸಿನ ದಿನ ಹತ್ತಿರ ಬಂದ ಮೇಲೆ ಮಸ್‌ಅಲ ಹುಡುಕಲು ಹೋದರೆ ಸೀಟು ಕಾಯುವುದಿಲ್ಲ.

ನಮ್ಮದೇ ಒಂದು ಮಾತು

ನಾವು ಓದಿದ್ದು ಪಿಯುಸಿ. ದರ್ಸಿನಲ್ಲಿ ಕಿತಾಬು ಓದುತ್ತಾ ಖಾಸಗಿಯಾಗಿ ಕಟ್ಟಿ ಪಾಸಾದದ್ದು. ಡಿಗ್ರಿಗೆ ಸೇರಬೇಕು ಎಂದು ಅರ್ಜಿ ಫಾರ್ಮ್ ಕೂಡ ತಂದಿದ್ದೆವು. ಆಗ ಒಬ್ಬ ಹಿರಿಯರು, ಒಳ್ಳೆಯ ಮನಸ್ಸಿನಿಂದಲೇ, “ನಿಮಗೆಲ್ಲ ಅದಕ್ಕೆ ಎಲ್ಲಿಂದ ಹಣ ಮಾರಾಯ್ರೆ, ಸುಮ್ಮನೆ ಯಾಕೆ” ಎಂದರು. ಹಣ ಎಲ್ಲಿಂದಾದರೂ ಸಿಗ್ತದಾ ಎಂದು ನಾವೂ ಕೇಳಲಿಲ್ಲ, ಅವರೂ ಹುಡುಕಲಿಲ್ಲ. ಕೊಣಾಜೆಯ ಮಂಗಳಗಂಗೋತ್ರಿಯ ಎದುರಿನಿಂದ ಬಸ್ಸು ಹೋಗುವಾಗ ಇಂದಿಗೂ ಒಮ್ಮೆ ಕಿಟಕಿಯಿಂದ ನೋಡುತ್ತೇವೆ. ಇಪ್ಪತ್ತೈದು ವರ್ಷ ಆದ ಮೇಲೆ ಅದೇ ಮಾತನ್ನು ನಾವು ಇನ್ನೊಬ್ಬರ ಮಗಳಿಗೆ ಹೇಳಿಬಿಟ್ಟೆವಲ್ಲ ಎಂಬುದು ನುಂಗಲು ಕಷ್ಟವಾದ ವಿಷಯ.

ಊರಿನ ಪ್ರತಿ ಮನೆಯ ಮಗು ಬೆಳಿಗ್ಗೆ ಎರಡು ಗಂಟೆ ಉಸ್ತಾದರ ಮುಂದೆ ಕೂತಿರ್ತದೆ. ಯಾರ ಉಮ್ಮ ಬೀಡಿ ಕಟ್ಟುತ್ತಾರೆ, ಯಾರ ಅಣ್ಣ ಈ ವರ್ಷ ಪಿಯುಸಿ, ಯಾರ ಮನೆಯಲ್ಲಿ ಹಣದ ತೊಂದರೆ, ಸರ್ಕಾರದ ಯಾವ ಅಧಿಕಾರಿಗೂ ಗೊತ್ತಿಲ್ಲದ್ದು ಮದರಸದ ಉಸ್ತಾದರಿಗೆ ಗೊತ್ತಿರ್ತದೆ. ನಮ್ಮ ಜೊತೆ ಪಾಠ ಮಾಡುವ ಇತರ ಉಸ್ತಾದರಲ್ಲಿ ನಾವು ಇದನ್ನೇ ಹೇಳುತ್ತಿದ್ದೇವೆ. ಪೋರ್ಟಲ್ ತಿಳಿಯದಿದ್ದರೆ ಪರವಾಗಿಲ್ಲ, ‘ನೋಡಿ ಹೇಳ್ತೇನೆ’ ಎಂದರೆ ಸಾಕು.

ಈಗ ಪ್ರತಿ ಭಾನುವಾರ ಅಸರ್ ಆದ ಮೇಲೆ ನಮ್ಮ ಮದರಸದ ಒಂದು ಕೋಣೆಯಲ್ಲಿ ಮೇಜು ಹಾಕುತ್ತೇವೆ. ಡಿಗ್ರಿ ಓದುವ ಮೂವರು ಹುಡುಗರು, ಒಂದು ಹಳೆ ಲ್ಯಾಪ್‌ಟಾಪ್. ನಾವು ಹೆಸರುಗಳ ಅಕ್ಷರ ಹೋಲಿಸಿ ನೋಡುವವರು, ಕಿತಾಬಿನಲ್ಲಿ ಝೇರ್ ಝಬರ್ ನೋಡಿ ಅಭ್ಯಾಸ ಇರುವುದರಿಂದ ಅದು ನಮಗೆ ಸುಲಭ. ಹೆಂಗಸರ ದಾಖಲೆ ನೋಡಲು ಒಬ್ಬಳು ಹುಡುಗಿ ಬರುತ್ತಾಳೆ, ಬಿಕಾಂ ಓದುತ್ತಿದ್ದಾಳೆ. ಅಂಗಡಿಯಲ್ಲಿ ಒಂದು ವರ್ಷ ಬಿಲ್ ಮಾಡಿದ ಕಾರಣ ಟೈಪಿಂಗ್ ಬಹಳ ವೇಗ.

ಕಳೆದ ವಾರ ಒಬ್ಬರು ಅಜ್ಜಿ ಬಂದಿದ್ದರು. ಮೊಮ್ಮಗ ಪಾಲಿಟೆಕ್ನಿಕ್ಕಿಗೆ ಸೇರಿದ್ದಾನೆ, ಅವನ ಉಮ್ಮನ ಕಾರ್ಡು ಎಂದು ಪ್ಲಾಸ್ಟಿಕ್ ತೊಟ್ಟೆಯಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು. ಫೋಟೋ ಮಾಸಿತ್ತು, ಹೆಸರು ಓದಲು ಆಗುತ್ತಿತ್ತು. ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಅಜ್ಜಿ, ಇದರಲ್ಲಿ ಐಸಮ್ಮ ಅಂತ ಉಂಟು. ಆಧಾರಿನಲ್ಲಿ ಎಂತ ಉಂಟು, ಅದನ್ನೂ ಕೊಡಿ” ಎಂದಳು.